ಕೈಗೆಟಕುವ ಕ್ಯಾಮರಾ: ಮಾಲಿನ ನಿಜಬಣ್ಣ ತೋರಿಸಿದರೆ ಸಾಕು

ಅಡಿಕೆ ಮಂಡಿಯಲ್ಲಿ ವ್ಯಾಪಾರಿಯು ಚೀಲಕ್ಕೆ ಕೈಹಾಕಿ ಒಂದು ಹಿಡಿ ಮಾಲು ತೆಗೆಯುತ್ತಾನೆ. ಬಣ್ಣ ನೋಡುತ್ತಾನೆ, ಕತ್ತರಿಸಿ ಒಳಗನ್ನು ನೋಡುತ್ತಾನೆ, ಆಮೇಲೆ ದರ ಹೇಳುತ್ತಾನೆ. ಕಾಫಿ ಕೊಳ್ಳುವವನು ಬೀಜವನ್ನು ಅಂಗೈಯಲ್ಲಿ ಹರಡಿ, ಮೂಗಿಗೆ ಹಿಡಿದು ಪರೀಕ್ಷಿಸುತ್ತಾನೆ. ಆನ್‌ಲೈನಿನಲ್ಲಿ ಕೊಳ್ಳುವ ಬೆಂಗಳೂರಿನ ಅಥವಾ ಪುಣೆಯ ಗಿರಾಕಿಗೆ ಈ ಯಾವ ಅನುಕೂಲವೂ ಇಲ್ಲ. ಅವನಿಗೆ ಸಿಗುವ ಸ್ಯಾಂಪಲ್ ಎಂದರೆ ನಾವು ತೆಗೆದ ಫೋಟೋ ಒಂದೇ.

ಮನೆಯಲ್ಲಿಯೇ ಹುರಿದು ಪುಡಿಮಾಡಿದ ಕಾಫಿ, ಕಾಳುಮೆಣಸು, ಏಲಕ್ಕಿ, ಜೇನು, ಹಾಳೆತಟ್ಟೆ, ಆಯ್ದ ಚಾಲಿ ಅಡಿಕೆ ಇವುಗಳನ್ನು ನೇರವಾಗಿ ಗಿರಾಕಿಗೆ ಕಳುಹಿಸಲು ಹೊರಟ ಸಣ್ಣ ಬೆಳೆಗಾರರು ಮೊದಲು ಕೇಳುವ ಪ್ರಶ್ನೆ, "ಯಾವ ಕ್ಯಾಮರಾ ಕೊಳ್ಳಬೇಕು?" ಎಂಬುದು. ಉತ್ತರ ಸರಳವಾಗಿದೆ. ನಿಮ್ಮ ಮಾಲಿನ ಬಣ್ಣವನ್ನು ಇದ್ದ ಹಾಗೆ ತೋರಿಸುವ ಕ್ಯಾಮರಾವೇ ಒಳ್ಳೆಯ ಕ್ಯಾಮರಾ. ಉಳಿದದ್ದೆಲ್ಲ ಅದರ ನಂತರದ ಮಾತು.

ಇದು ಅಂದಚಂದದ ವಿಷಯ ಮಾತ್ರವಲ್ಲ, ಹಣದ ವಿಷಯವೂ ಹೌದು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣಗಳು ಇಲ್ಲದ ಮಾಲನ್ನು ಹಿಂದಕ್ಕೆ ಪಡೆಯಲು ಮಾರಾಟಗಾರನು ನಿರಾಕರಿಸುವಂತಿಲ್ಲ. ಮಾಸಲು ಅಡಿಕೆ ಫೋಟೋದಲ್ಲಿ ಹೊಳೆಯುವಂತೆ ಕಂಡರೆ ಪಾರ್ಸೆಲ್ ವಾಪಸು ಬರುತ್ತದೆ. ಹೋಗುವ ಖರ್ಚು, ಬರುವ ಖರ್ಚು ಎರಡೂ ನಮ್ಮ ತಲೆಗೆ ಬರುವ ಸಂಭವ ಉಂಟು. ಕಟ್ಟು ಒಡೆದ ಕಾಫಿಪುಡಿಯನ್ನಂತೂ ಮತ್ತೊಬ್ಬರಿಗೆ ಮಾರುವಂತಿಲ್ಲ.

ಅಂಕಿಯ ಮೋಹ ಬೇಡ

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಮೆಗಾಪಿಕ್ಸೆಲ್ ಅಂಕಿ. ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕಿಗಳು. 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 4000, ಉದ್ದಕ್ಕೆ 3000 ಚುಕ್ಕಿಗಳಿರುತ್ತವೆ. 1920 × 1080 ಚುಕ್ಕಿಗಳ ಕಂಪ್ಯೂಟರ್ ಪರದೆಯನ್ನು ಪೂರ್ತಿ ತುಂಬಲು ಸುಮಾರು 2 ಮೆಗಾಪಿಕ್ಸೆಲ್ ಸಾಕು. ಅಮೆಜಾನಿನಲ್ಲಿ ಗಿರಾಕಿ ಚಿತ್ರವನ್ನು ಹಿಗ್ಗಿಸಿ ನೋಡುವಂತಾಗಲು ಉದ್ದನೆಯ ಬದಿಯಲ್ಲಿ 1000 ಚುಕ್ಕಿಗಳಿಗಿಂತ ಹೆಚ್ಚು ಇರಬೇಕು. ಆದ್ದರಿಂದ 12 ಮೆಗಾಪಿಕ್ಸೆಲ್ ಬೇಕಾದಷ್ಟಾಯಿತು. ಅದಕ್ಕಿಂತ ಹೆಚ್ಚಿನ ಅಂಕಿಗೆ ಕೊಡುವ ಹಣ ನಮ್ಮ ಕೆಲಸಕ್ಕೆ ವ್ಯರ್ಥ.

ಇರುವ ಫೋನೇ ಸಾಲದೇ?

ಬಹಳ ಮಂದಿಗೆ ಸಾಲುತ್ತದೆ. ಆದರೆ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಬಣ್ಣವನ್ನು ಮೆರುಗುಗೊಳಿಸುವ ಫಿಲ್ಟರುಗಳನ್ನು ಬಳಸಬಾರದು. ಎರಡನೆಯದಾಗಿ, ಫೋನನ್ನು ಬಾಟಲಿಯ ತೀರ ಹತ್ತಿರಕ್ಕೆ ಒಯ್ದರೆ ಅದರ ಆಕಾರ ಸೊಟ್ಟಗಾಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಜೂಮಿನಲ್ಲಿ ತೆಗೆಯುವುದು ಲೇಸು. ಮೂರನೆಯದಾಗಿ, ವಾಟ್ಸಾಪಿನಲ್ಲಿ ಫೋಟೋವನ್ನು ಹಾಗೆಯೇ ಕಳುಹಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿದರೆ ಮೂಲ ಚಿತ್ರವೇ ತಲುಪುತ್ತದೆ.

ಮೊದಲು ಒಂದು ಟ್ರೈಪಾಡ್ ಮತ್ತು ಒಂದು ಒಳ್ಳೆಯ ದೀಪಕ್ಕೆ ಖರ್ಚು ಮಾಡಿ ನೋಡಿರಿ. ಆಗಲೂ ಬಣ್ಣ ಸರಿಬಾರದಿದ್ದರೆ ಕ್ಯಾಮರಾದ ಯೋಚನೆ ಮಾಡಬಹುದು.

ಕೊಳ್ಳುವುದಾದರೆ ನೋಡಬೇಕಾದ ಅಂಶಗಳು

1. ವೈಟ್ ಬ್ಯಾಲೆನ್ಸನ್ನು ನಾವೇ ಹೊಂದಿಸುವಂತಿರಬೇಕು. ಹಳದಿ ದೀಪದಲ್ಲಿ ಬಿಳಿ ಕಾಗದ ಹಳದಿಯಾಗಿಯೂ ಮೋಡದ ಬೆಳಕಿನಲ್ಲಿ ನೀಲಿಯಾಗಿಯೂ ಚಿತ್ರದಲ್ಲಿ ಬರುವುದುಂಟು. ಮಾಲು ಇಡುವ ಜಾಗದಲ್ಲಿಯೇ ಬಿಳಿ ಕಾಗದ ಹಿಡಿದು 'ಇದು ಬಿಳಿ' ಎಂದು ಕ್ಯಾಮರಾಕ್ಕೆ ತಿಳಿಸಿದರೆ ಉಳಿದ ಬಣ್ಣಗಳು ತಾವಾಗಿ ಸರಿಹೋಗುತ್ತವೆ.

2. ಎಕ್ಸ್‌ಪೋಷರ್ ಹೆಚ್ಚುಕಡಿಮೆ ಮಾಡುವ ಗುಂಡಿ ಇರಬೇಕು. ಕ್ಯಾಮರಾ ಎಲ್ಲವನ್ನೂ ನಡುಬೂದು ಬಣ್ಣವೆಂದು ತಿಳಿದು ಬೆಳಕನ್ನು ಅಳೆಯುತ್ತದೆ. ಆದ್ದರಿಂದ ಬಿಳಿ ಬಟ್ಟೆಯ ಮೇಲಿಟ್ಟ ಚಾಲಿ ಮಂಕಾಗಿ ಬರುತ್ತದೆ. ಚಿತ್ರ ತುಂಬ ಹರಡಿದ ಹುರಿದ ಕಾಫಿಬೀಜ ಬೂದಿ ಬಡಿದಂತೆ ಕಾಣುತ್ತದೆ. ಮೊದಲನೆಯದಕ್ಕೆ +1ರವರೆಗೆ ಏರಿಸಬೇಕು, ಎರಡನೆಯದಕ್ಕೆ ಇಳಿಸಬೇಕು.

3. ಕೆಳಗಡೆ ಟ್ರೈಪಾಡಿನ ತಿರುಪು ಕೂರುವ ತೂತು ಮತ್ತು 2 ಸೆಕೆಂಡಿನ ಟೈಮರ್ ಇರಬೇಕು. ಕೈ ನಡುಕದಿಂದ ಕೆಡುವ ಚಿತ್ರಗಳೇ ಹೆಚ್ಚು.

4. ಡಿಜಿಟಲ್ ಜೂಮಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಉಪಾಯ. ಮಸೂರದಿಂದ ಆಗುವ ಆಪ್ಟಿಕಲ್ ಜೂಮ್ ಮಾತ್ರ ನಿಜವಾದದ್ದು.

ಲೆನ್ಸ್ ಬದಲಿಸುವ ಡಿ.ಎಸ್.ಎಲ್.ಆರ್. ಕ್ಯಾಮರಾದ ಸೆನ್ಸರ್ ಸುಮಾರು 22 × 15 ಮಿ.ಮೀ. ಇದ್ದರೆ, ಜೇಬಿನ ಸಣ್ಣ ಕ್ಯಾಮರಾದ್ದು ಸಾಮಾನ್ಯವಾಗಿ 6 × 4.5 ಮಿ.ಮೀ. ಸುತ್ತಮುತ್ತ ಇರುತ್ತದೆ. ಮಂದಬೆಳಕಿನಲ್ಲಿ ದೊಡ್ಡದು ಗೆಲ್ಲುತ್ತದೆ. ಆದರೆ ಮಾಲು ಅಲುಗುವುದಿಲ್ಲ, ಓಡುವುದಿಲ್ಲ. ಒಳ್ಳೆಯ ಬೆಳಕು, ಗಟ್ಟಿ ಟ್ರೈಪಾಡ್ ಇದ್ದಲ್ಲಿ ಸಣ್ಣದೂ ಕೆಲಸ ಕೊಡುತ್ತದೆ. ಡಿ.ಎಸ್.ಎಲ್.ಆರ್. ಕೊಂಡವರು ಮೇಲಿಂದ ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿಯಬೇಕಾಗಿಲ್ಲ. ಅದರ ಜೊತೆಗೇ ಬರುವ 18-55 ಲೆನ್ಸ್ ಸುಮಾರು 25 ಸೆಂ.ಮೀ. ದೂರದಿಂದಲೇ ಸ್ಪಷ್ಟವಾಗಿ ಹಿಡಿಯುತ್ತದೆ.

ಅಂಗಡಿಗೆ ಹೋಗುವಾಗ ಒಂದು ಹಿಡಿ ಅಡಿಕೆ, ಒಂದು ಪೊಟ್ಟಣ ಕಾಫಿಪುಡಿ, ಒಂದು ಹಾಳೆತಟ್ಟೆಯನ್ನು ಜೊತೆಗೆ ಒಯ್ಯಿರಿ. ಬಾಗಿಲ ಬಳಿಯ ಬೆಳಕಿನಲ್ಲಿ ಫೋಟೋ ತೆಗೆದು, ಪರದೆಯನ್ನೂ ಮಾಲನ್ನೂ ಪಕ್ಕದಲ್ಲಿಟ್ಟು ಹೋಲಿಸಿರಿ. ಸಾಧ್ಯವಾದರೆ ಅದೇ ಚಿತ್ರವನ್ನು ಇನ್ನೊಂದು ಪರದೆಯಲ್ಲಿಯೂ ನೋಡಿರಿ. ಮಾರುವವನ ಹತ್ತು ಮಾತಿಗಿಂತ ಈ ಒಂದು ಪರೀಕ್ಷೆ ಮೇಲು.

ಬಳಸಿದ ಕ್ಯಾಮರಾ ಕೊಳ್ಳುವವರಿಗೆ

ಕಡಿಮೆ ಹಣದಲ್ಲಿ ಒಳ್ಳೆಯ ಯಂತ್ರ ಸಿಗುವುದು ಇಲ್ಲಿಯೇ. 2016ರ ಕ್ಯಾನನ್ 1300ಡಿ, 2018ರ ನಿಕಾನ್ ಡಿ3500 ಮೊದಲಾದ ಹಳೆಯ ಮಾದರಿಗಳು ನಮ್ಮ ಕೆಲಸಕ್ಕೆ ಧಾರಾಳವಾಗಿ ಸಾಕು. ಡಿ3500 ಮಾದರಿಯ ಶಟರನ್ನು 1,00,000 ಚಿತ್ರಗಳ ಬಾಳಿಕೆಗೆ ಪರೀಕ್ಷಿಸಲಾಗಿತ್ತು. ಆದ್ದರಿಂದ ಎಷ್ಟು ಚಿತ್ರ ತೆಗೆದಾಗಿದೆ ಎಂಬ ಲೆಕ್ಕ ಕೇಳಿರಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿರಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ಬ್ಯಾಟರಿ ಮತ್ತು ಚಾರ್ಜರ್ ಈಗಲೂ ದೊರೆಯುತ್ತವೆಯೇ ಎಂದು ವಿಚಾರಿಸಿ, ಬಿಲ್ಲು ಪಡೆಯಿರಿ.

ಬೆಳಕು ಮತ್ತು ಹಿನ್ನೆಲೆ

ನೇರ ಬಿಸಿಲು ಕಪ್ಪು ನೆರಳು ಹಾಕುತ್ತದೆ. ಜಗಲಿಯ ನೆರಳು ಅಥವಾ ಕಿಟಕಿಯ ಬೆಳಕು ಉತ್ತಮ. ಬಿಸಿಲು ಬೀಳುವ ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿದರೆ ಬೆಳಕು ಮೆದುವಾಗುತ್ತದೆ. ಎದುರು ಬದಿಗೆ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ. ಹಗಲು ಬೆಳಕಿನ ಜೊತೆಗೆ ಮನೆಯ ಹಳದಿ ದೀಪ ಉರಿಸಬಾರದು. ಎರಡು ಬಣ್ಣ ಬೆರೆತರೆ ಯಾವ ಕ್ಯಾಮರಾದಿಂದಲೂ ಸರಿಪಡಿಸುವುದು ಕಷ್ಟ. ದೀಪ ಕೊಳ್ಳುವಾಗ ಸಿ.ಆರ್.ಐ. 90 ಅಥವಾ ಅದಕ್ಕಿಂತ ಹೆಚ್ಚು ಎಂದು ನಮೂದಿಸಿರುವ ಎಲ್.ಇ.ಡಿ.ಯನ್ನೇ ಆರಿಸಬೇಕು.

ಅಮೆಜಾನಿನ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಇರಬೇಕು, ಮಾಲು ಚೌಕಟ್ಟಿನ ಶೇಕಡಾ 85ರಷ್ಟನ್ನು ತುಂಬಿರಬೇಕು. ಉಳಿದ ಚಿತ್ರಗಳಲ್ಲಿ ಒಂದರಲ್ಲಿ ಕತ್ತರಿಸಿದ ಅಡಿಕೆಯ ಒಳಭಾಗ, ಇನ್ನೊಂದರಲ್ಲಿ ಗಾತ್ರ ತಿಳಿಯಲು ಪಕ್ಕಕ್ಕೆ ಒಂದು ನಾಣ್ಯ, ಮತ್ತೊಂದರಲ್ಲಿ ಓದಲು ಬರುವಂತೆ ಲೇಬಲ್ ಇರಲಿ. ಆರಿಸಿ ಜೋಡಿಸಿದ ಹತ್ತು ಕಾಳಿನ ಚಿತ್ರ ಬೇಡ. ಚೀಲದಿಂದ ಹಾಗೆಯೇ ತೆಗೆದ ಹಿಡಿಯ ಚಿತ್ರ ಇರಲಿ.

ಮಳೆಗಾಲದ ಜೋಪಾನ

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಕ್ಯಾಮರಾಕ್ಕೆ ಬೂಷ್ಟೇ ದೊಡ್ಡ ಶತ್ರು. ಚರ್ಮದ ಚೀಲದಲ್ಲಿ ಹಾಕಿ ಮರದ ಬೀರುವಿನಲ್ಲಿ ಇಟ್ಟು ಮರೆಯಬಾರದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ತೇವ ಕುಡಿದಿದೆ ಎಂದು ಅರ್ಥ. ಹದವಾಗಿ ಬಿಸಿಮಾಡಿ ಮತ್ತೆ ಬಳಸಬಹುದು. ಡಬ್ಬಿಯೊಳಗಿನ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇದ್ದರೆ ಕ್ಷೇಮ.

ಕೊನೆಯದಾಗಿ ಒಂದು ಸೂಚನೆ. ವರ್ಷಕ್ಕೆ ನಾಲ್ಕಾರು ದಿನ ಮಾತ್ರ ಬೇಕಾಗುವ ಯಂತ್ರವನ್ನು ಪ್ರತಿ ಮನೆಯೂ ಕೊಳ್ಳಬೇಕೆಂದಿಲ್ಲ. ಔಷಧಿ ಹೊಡೆಯುವ ಪಂಪನ್ನು ನೆರೆಹೊರೆಯವರು ಹಂಚಿಕೊಳ್ಳುವಂತೆ, ನಾಲ್ಕೈದು ಮನೆಯವರು ಸೇರಿ ಒಂದು ಕ್ಯಾಮರಾ, ಒಂದು ಟ್ರೈಪಾಡ್, ಒಂದು ದೀಪ ಇಟ್ಟುಕೊಳ್ಳಬಹುದು. ಖರ್ಚೂ ಹಂಚಿಹೋಗುತ್ತದೆ, ಕಲಿತದ್ದೂ ಹಂಚಿಹೋಗುತ್ತದೆ. ದೂರದ ಗಿರಾಕಿ ಪೊಟ್ಟಣ ಬಿಚ್ಚಿದಾಗ ಫೋಟೋದಲ್ಲಿ ಕಂಡ ಮಾಲೇ ಅವನ ಕೈಗೆ ಸಿಕ್ಕರೆ, ಎರಡನೆಯ ಆರ್ಡರು ಕೇಳದೆಯೇ ಬರುತ್ತದೆ.