ಘಟ್ಟದ ರೈಲಿಗೂ ಬೇಕು ಒಂದು ಪೋಸ್ಟರ್

ಆಗ್ರಾದ ತಾಜ್, ಕಾಶಿಯ ಘಾಟ್, ಮಧುರೆಯ ಗೋಪುರ. 1930ರ ಆಸುಪಾಸಿನಲ್ಲಿ ಇಂಡಿಯನ್ ಸ್ಟೇಟ್ ರೈಲ್ವೇಸ್ ಹೊರತಂದ ಪ್ರವಾಸಿ ಪೋಸ್ಟರ್‌ಗಳಲ್ಲಿ ಇಂಥ ಊರುಗಳು ಇಂದಿಗೂ ಕಣ್ಣು ಸೆಳೆಯುತ್ತವೆ. ಲಂಡನ್, ನ್ಯೂಯಾರ್ಕ್‌ಗಳಲ್ಲಿ ರೈಲ್ವೆಯ ಪ್ರಚಾರ ಕಚೇರಿಗಳಿದ್ದವು. ‘ಇಂಡಿಯಾ ನೋಡಬನ್ನಿ’ ಎಂಬ ಕರೆ ಹೋಗುತ್ತಿದ್ದುದು ಅಲ್ಲಿನ ಕಾಸುಳ್ಳವರಿಗೆ, ಇಂಗ್ಲಿಷಿನಲ್ಲಿ. ಮೂರನೇ ದರ್ಜೆಯಲ್ಲಿ ಗಂಟುಮೂಟೆ ಹೊತ್ತು ಹತ್ತುವ ನಮ್ಮ ಜನ ಆ ಲೆಕ್ಕದಲ್ಲಿ ಇರಲಿಲ್ಲ.

ಆ ಪೋಸ್ಟರ್‌ಗಳ ಕಸುಬುಗಾರಿಕೆಯನ್ನು ಮಾತ್ರ ಮೆಚ್ಚಲೇಬೇಕು. ಲಿಥೋ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಇಲ್ಲವೇ ತಗಡು. ಬಣ್ಣ ಹೆಚ್ಚಿದಷ್ಟೂ ಖರ್ಚು. ಹಾಗಾಗಿ ಕಲಾವಿದರು ಸಣ್ಣಪುಟ್ಟ ವಿವರಗಳನ್ನೆಲ್ಲ ಬಿಟ್ಟು, ಕೆಲವೇ ಬಣ್ಣಗಳ ಅಗಲವಾದ ಹರವಿನಲ್ಲಿ ಊರನ್ನು ಹಿಡಿಯಬೇಕಿತ್ತು. ಎದುರು ಪ್ಲಾಟ್‌ಫಾರಂನಲ್ಲಿ ನಿಂತವರಿಗೂ ಒಂದೇ ನೋಟಕ್ಕೆ ದಕ್ಕಬೇಕಿತ್ತು. ಬ್ರಿಟನ್ನಿನ ರೈಲು ಕಂಪನಿಗಳ ದೊಡ್ಡ ಪೋಸ್ಟರ್‌ನ ಅಳತೆ 40 ಇಂಚು ಎತ್ತರ, 50 ಇಂಚು ಅಗಲ. ಫ್ರೆಡ್ ಟೇಲರ್ ಎಂಬ ಕಲಾವಿದ ಅಲ್ಲಿನ ಯಾರ್ಕ್ ನಗರದ ಹಳೆಯ ಚರ್ಚನ್ನು ಬರೆದ ಬಗೆ ನೋಡಿದರೆ, ಟಿಕೆಟ್ ಮಾರುವ ಕಾಗದವೂ ಒಂದು ಊರಿನ ಮರ್ಯಾದೆ ಕಾಯಬಲ್ಲದು ಅನ್ನಿಸುತ್ತದೆ.

ನಮ್ಮ ಸಕಲೇಶಪುರದ ಘಟ್ಟಕ್ಕೆ ಆ ಭಾಗ್ಯ ಬರಲಿಲ್ಲ. ಹಾಸನಕ್ಕೆ ರೈಲು 1918ರ ಹೊತ್ತಿಗೇ ಬಂದಿತ್ತು. ಆಲೂರು, ಬಾಳ್ಳುಪೇಟೆ, ಸಕಲೇಶಪುರ ದಾಟಿ ಮಂಗಳೂರು ಮುಟ್ಟಲು 1979 ಆಗಬೇಕಾಯಿತು. ಅಷ್ಟು ಹೊತ್ತಿಗೆ ಪೋಸ್ಟರ್‌ಗಳ ಕಾಲವೇ ಮುಗಿದಿತ್ತು. ಬ್ರಾಡ್‌ಗೇಜ್ ಕೆಲಸಕ್ಕೆಂದು ನಿಂತುಹೋದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ನಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಸಾಗಿದರೆ 1 ಅಡಿ ಇಳಿಜಾರು. ಇಂಥ ಹಾದಿಯ ಪ್ರಚಾರವನ್ನು ನಾವು ಮೊಬೈಲ್ ಫೋಟೊಗಳಿಗೆ ಬಿಟ್ಟುಕೊಟ್ಟೆವು. ಫೋಟೊ ನೋಡಿದವರು ಹಳಿಯ ಮೇಲೇ ಚಾರಣ ಹೊರಟರು. ಅದು ಜೀವಕ್ಕೆ ಅಪಾಯ, ಕಾನೂನಿಗೂ ವಿರುದ್ಧ. ಒಳ್ಳೆಯ ಪೋಸ್ಟರ್ ಇದ್ದಿದ್ದರೆ ಕಿಟಕಿ ಪಕ್ಕದ ಸೀಟಿನ ಆಸೆಯನ್ನಾದರೂ ಹುಟ್ಟಿಸುತ್ತಿತ್ತು.

ಏನನ್ನು ಬರೆಯಬೇಕು? ನನ್ನ ಮನಸ್ಸಿನಲ್ಲಿ ಮೊದಲು ಬರುವುದು ಮಂಜರಾಬಾದ್ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಫ್ರೆಂಚ್ ಮಾದರಿಯದು, ಎಂಟು ಮೂಲೆಯ ನಕ್ಷತ್ರ. ಮೆಟ್ಟಿಲು ಹತ್ತಿ ಒಳಗೆ ನಿಂತರೂ ಆ ನಕ್ಷತ್ರ ಕಾಣುವುದಿಲ್ಲ, ಗೋಡೆ ಮಾತ್ರ ಕಾಣುತ್ತದೆ. ಪೋಸ್ಟರ್‌ನಲ್ಲಾದರೆ ಮೇಲೆ ನಕ್ಷತ್ರ, ಕೆಳಗೆ ಸುರಂಗದಿಂದ ಹೊರಬರುವ ರೈಲು, ಪಕ್ಕದಲ್ಲಿ ಹೇಮಾವತಿ, ಎಲ್ಲವನ್ನೂ ಒಂದೇ ಹಾಳೆಗೆ ತರಬಹುದು. ಹೂಮಳೆ ಬಿದ್ದ ಕೆಲವು ದಿನಗಳಲ್ಲಿ ಬೆಳಗೋಡಿನ ಸುತ್ತಲ ಕಾಫಿ ತೋಟಗಳು ಹೂಬಿಟ್ಟು ಬೆಳ್ಳಗಾಗುತ್ತವೆ. ಆ ಬಿಳುಪಿಗೆ ಬಣ್ಣದ ಖರ್ಚೂ ಇಲ್ಲ, ಕಾಗದವನ್ನು ಖಾಲಿ ಬಿಟ್ಟರೆ ಸಾಕು.

ಆನೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಪೋಸ್ಟರ್‌ಗಳ ಆನೆ ಜೂಲು ಹೊದ್ದು, ಅಂಬಾರಿ ಹೊತ್ತು ಬರುತ್ತದೆ. ಆಲೂರು, ಸಕಲೇಶಪುರದ ಆನೆ ಗದ್ದೆಗೆ, ತೋಟಕ್ಕೆ ಇಳಿಯುತ್ತದೆ. ಅದು ಎಲ್ಲಿದೆ ಎಂಬ ಸಂದೇಶ ನೋಡಿಕೊಂಡೇ ಕೂಲಿಯವರು ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕು. ಬೆಳೆ ಕಳೆದುಕೊಂಡವರ, ಮನೆಯವರನ್ನೇ ಕಳೆದುಕೊಂಡವರ ಊರಿನಲ್ಲಿ ಅಲಂಕಾರದ ಆನೆ ಬರೆದು ಅಂಟಿಸುವುದು ಸಲ್ಲದು.

ಹಾಸನ, ಸಕಲೇಶಪುರ ಎರಡೂ ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿವೆ. ಹೊಸ ಗೋಡೆಗಳು ಏಳುವಾಗ ರೈಲ್ವೆಯವರು ಮೈಸೂರಿನ ಕಾವಾದಂಥ ಚಿತ್ರಕಲಾ ಸಂಸ್ಥೆಗಳ ವಿದ್ಯಾರ್ಥಿಗಳನ್ನು ಕರೆಸಿ, ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು ಇಲ್ಲೇ ಇರಿಸಿಕೊಂಡು ಬರೆಸಲಿ. ಕನ್ನಡದ ಅಕ್ಷರ ದೊಡ್ಡದಾಗಿರಲಿ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಬೇಲೂರು, ಹಳೇಬೀಡಿಗೂ ಒಂದು ಹಾಳೆ ಮೀಸಲಿರಲಿ. ಅಲ್ಲಿಗೆ ಹೋಗಲು ಹಾಸನದಲ್ಲಿ ಇಳಿದು ಬಸ್ ಹಿಡಿಯಬೇಕು ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಲಿ.