ಕೆಳಗಿಳಿಯದ ಮುಳ್ಳು

ಟಿ. ನರಸೀಪುರದ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: “ಗಾಳಿಯನ್ನೆಲ್ಲ ಹೊರಹಾಕಿದ ಮೇಲೆ ಒತ್ತಡದ ಮುಳ್ಳನ್ನು ಒತ್ತುವುದು ಯಾವುದು?” ಕೇಳಬೇಕಾದ ಪ್ರಶ್ನೆಯೇ.

ಮೊದಲೊಂದು ಮಾತು. ನಿರ್ವಾತ ಏನನ್ನೂ ಎಳೆದುಕೊಳ್ಳುವುದಿಲ್ಲ. ನಂಜನಗೂಡಿನ ಗುಡಿಯ ಹತ್ತಿರ ಸ್ಟ್ರಾ ಹಾಕಿ ಎಳನೀರು ಹೀರುತ್ತೀರಲ್ಲ, ಅದನ್ನು ನಿಮ್ಮ ಬಾಯಿಗೆ ತಳ್ಳುವುದು ಹೊರಗಿನ ಗಾಳಿ. 

ಸಮುದ್ರಮಟ್ಟದಲ್ಲಿ ಆ ಗಾಳಿ 760 ಮಿಲಿಮೀಟರ್ ಪಾದರಸವನ್ನು ಎತ್ತಿ ನಿಲ್ಲಿಸಬಲ್ಲದು. ಒಂದು ಮಿಲಿಮೀಟರಿಗೆ ಒಂದು ಟಾರ್ ಎಂದು ಲೆಕ್ಕ. 1965ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಕಟ್ಟುವಂಥ ನಿರ್ವಾತ ಕೋಣೆಗಳಲ್ಲಿ ಟಾರ್‌ನ ಲಕ್ಷದಲ್ಲೊಂದು ಪಾಲು, ಅದಕ್ಕೂ ಕಡಿಮೆ, ಸಾಮಾನ್ಯ. ಹತ್ತು ಕೋಟಿಯಲ್ಲೊಂದು ಪಾಲಿಗೆ ಇಳಿದರೆ ಪಾದರಸದ ಎತ್ತರ ಒಂದು ಪರಮಾಣುವಿನ ಅಗಲಕ್ಕೂ ಸಾಲದು. ಅಲ್ಲಿ ಒತ್ತಿಸಿಕೊಂಡು ಅಳೆಯುವ ಆಟ ನಡೆಯದು, ಎಣಿಸಬೇಕು. ಹಾಗೆಂದು ಅಲ್ಲೇನೂ ಇಲ್ಲವೆಂದಲ್ಲ: ಒಂದು ಘನ ಸೆಂಟಿಮೀಟರಿನಲ್ಲಿ ಇನ್ನೂ ಮೂವತ್ತು ಕೋಟಿಗೂ ಹೆಚ್ಚು ಅಣುಗಳು!

ಎಣಿಸುವುದು ಅಯಾನು ಗೇಜ್. ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಜಾಲರಿಯತ್ತ ಓಡುವಾಗ ಸಿಕ್ಕ ಅಣುಗಳಿಗೆ ಡಿಕ್ಕಿ ಹೊಡೆದು ಅಯಾನು ಮಾಡುತ್ತವೆ. ಸಂಗ್ರಾಹಕಕ್ಕೆ ಬಂದು ಬೀಳುವ ಅಯಾನುಗಳ ವಿದ್ಯುತ್ತೇ ಒತ್ತಡದ ಅಳತೆ.

ನನಗೆ ಮೆಚ್ಚುಗೆಯ ಕತೆ ಮುಂದಿನದು. ಎಷ್ಟೇ ಒಳ್ಳೆಯ ಪಂಪು ಹಾಕಿದರೂ ಗೇಜಿನ ಮುಳ್ಳು ಆ ಹತ್ತು ಕೋಟಿಯಲ್ಲೊಂದರ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಪಂಪಿನ ಶಕ್ತಿ ಇಷ್ಟೇ ಎಂದುಕೊಂಡವರೇ ಹೆಚ್ಚು. 1947ರಲ್ಲಿ ಅಮೆರಿಕದ ವೇಯ್ನ್ ನಾಟಿಂಗ್‌ಹ್ಯಾಮ್ ಅನುಮಾನವನ್ನು ಗೇಜಿನತ್ತಲೇ ತಿರುಗಿಸಿದರು. ಜಾಲರಿಗೆ ಬಡಿದ ಎಲೆಕ್ಟ್ರಾನುಗಳು ಮೃದು ಎಕ್ಸ್-ಕಿರಣ ಹೊಮ್ಮಿಸುತ್ತವೆ. ಅದು ಸಂಗ್ರಾಹಕಕ್ಕೆ ತಾಗಿ ಅಲ್ಲಿಂದ ಎಲೆಕ್ಟ್ರಾನುಗಳನ್ನು ಹೊರಗೆಬ್ಬಿಸುತ್ತದೆ. ಒಂದು ಎಲೆಕ್ಟ್ರಾನ್ ಹೊರಟರೂ ಮೀಟರಿಗೆ ಒಂದೇ, ಒಂದು ಅಯಾನು ಬಂದರೂ ಒಂದೇ. ಗೇಜು ತನ್ನನ್ನೇ ಎಣಿಸಿಕೊಳ್ಳುತ್ತಿತ್ತು!

1950ರಲ್ಲಿ ಬೇಯರ್ಡ್ ಮತ್ತು ಆಲ್ಪರ್ಟ್ ಹೂಡಿದ ಉಪಾಯ ನಗು ತರಿಸುವಷ್ಟು ಸರಳ. ಗೇಜನ್ನು ಒಳಹೊರಗು ಮಾಡಿದರು. ಡಬ್ಬಿಯಂತೆ ಸುತ್ತುವರಿದಿದ್ದ ಸಂಗ್ರಾಹಕ ಹೋಗಿ ಜಾಲರಿಯ ನಟ್ಟನಡುವೆ ಕೂದಲೆಳೆಯಂಥ ತಂತಿ ಬಂತು. ಕಾಯುವ ತಂತಿ ಹೊರಗಾಯಿತು. ಎಕ್ಸ್-ಕಿರಣಕ್ಕೆ ತಾಗಲು ಜಾಗ ತೀರಾ ಕಡಿಮೆ. ಮುಳ್ಳು ಸರಸರ ಇಳಿಯಿತು. ಪಂಪುಗಳು ಅಷ್ಟು ದಿನವೂ ಕೆಲಸ ಮಾಡುತ್ತಲೇ ಇದ್ದವು, ಪಾಪ.

ಈ ಗೇಜು ಹೊತ್ತಿಸಿದ್ದನ್ನು ನಾನು ಮೊದಲ ಸಲ ಕಂಡಾಗ ಮುಳ್ಳು ಇಳಿಯುವ ಬದಲು ಮೇಲೇರಿತು. ಕಾದ ಲೋಹ ತನ್ನೊಳಗಿನ ಅನಿಲವನ್ನು ಬೆವರಿನಂತೆ ಬಿಡುತ್ತಿದೆ, ಇನ್ನೂ ಹೊತ್ತಾಗುತ್ತದೆ ಎಂದ ತಂತ್ರಜ್ಞರು ನನ್ನನ್ನು ಕಾಫಿಗೆ ಕರೆದುಕೊಂಡು ಹೋದರು.