ತಂತ್ರಾಂಶವನ್ನು ಕಟ್ಟುವುದು ಮತ್ತು ಹಂಚಿಕೊಳ್ಳುವುದು

ಈ ವಾರ್ಷಿಕ ಸಂಚಿಕೆ ನಿಮ್ಮ ಕೈಸೇರುವ ಮುನ್ನ ಅದರ ಕರಡಚ್ಚನ್ನು ಅಧ್ಯಾಪಕರು ಓದಿ ತಿದ್ದಿರುತ್ತಾರೆ. ಆ ತಿದ್ದಿದ ಪುಟವನ್ನು ಬದಿಗಿಟ್ಟು ಮುದ್ರಣಾಲಯದವರು ಲೇಖನವನ್ನು ಮತ್ತೆ ಹೊಸದಾಗಿ ಜೋಡಿಸಿ ಅಚ್ಚು ಹಾಕಿದರೆ ಏನಾದೀತು? ಹಳೆಯ ತಪ್ಪುಗಳು ಹೋಗಿ ಹೊಸ ತಪ್ಪುಗಳು ಬಂದಾವು. ತಿದ್ದಿದವರ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದೀತು. ತಿದ್ದಿದ ಪುಟವೇ ಅಚ್ಚಾಗಬೇಕು. ಗಣಕಯಂತ್ರದ ತಂತ್ರಾಂಶ ತಯಾರಿಕೆಯಲ್ಲಿಯೂ ಇಂಥದೇ ಒಂದು ನಿಯಮವಿದೆ. ಈ ಶಾಲೆಯಲ್ಲಿ ಕಲಿತು ಈಗ ಆ ಕೆಲಸದಲ್ಲಿರುವ ನಾವು ಕೆಲವರು ಅದನ್ನು ನಿಮಗೆ ತಿಳಿಸಬಯಸುತ್ತೇವೆ.

ತಂತ್ರಾಂಶವನ್ನು ಮೊದಲು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ. ಇದು ಸೋರ್ಸ್ ಕೋಡ್. ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಕೆಲಸಕ್ಕೆ ಬಿಲ್ಡ್ ಎಂದು ಹೆಸರು. ಹಾಗೆ ಕಟ್ಟಿ ಮುಗಿಸಿದಾಗ ಸಿಗುವ ಫೈಲುಗಳಿಗೆ ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ನಾವು ಇಲ್ಲಿ ‘ಸಿದ್ಧವಸ್ತು’ ಎನ್ನೋಣ. ಹಲವರು ಬರೆದುದನ್ನು ದಿನದಿನವೂ ಒಟ್ಟುಗೂಡಿಸಿ, ಕೂಡಲೇ ಕಟ್ಟಿ, ಪರೀಕ್ಷಿಸುವ ಪದ್ಧತಿಯೇ ಕಂಟಿನ್ಯುಯಸ್ ಇಂಟಿಗ್ರೇಶನ್, ಅಂದರೆ ನಿರಂತರ ಏಕೀಕರಣ. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮೊದಲಾದವರಿಂದ ಇದು ಪ್ರಚಾರಕ್ಕೆ ಬಂತು. ಇದನ್ನು ತಾನಾಗಿ ನಡೆಸುವ ಸಾಧನಗಳಲ್ಲಿ ಪ್ರಸಿದ್ಧವಾದ ಒಂದನ್ನು ಕೊಹ್ಸುಕೆ ಕವಾಗುಚಿ ಎಂಬವರು 2004ರಲ್ಲಿ ‘ಹಡ್ಸನ್’ ಎಂಬ ಹೆಸರಿನಿಂದ ಆರಂಭಿಸಿದರು. 2011ರಿಂದ ಅದು ‘ಜೆಂಕಿನ್ಸ್’ ಎನಿಸಿಕೊಂಡಿದೆ. ಕಟ್ಟು, ಪರೀಕ್ಷಿಸು, ಒಪ್ಪಿಸು ಎಂಬ ಹಂತಗಳು ಒಂದರ ಹಿಂದೊಂದು ನಡೆಯುವ ಸಾಲಿಗೆ ಪೈಪ್‌ಲೈನ್ ಎಂದು ಹೆಸರು.

ದೊಡ್ಡ ಕೆಲಸಗಳಲ್ಲಿ ಒಂದೇ ಪೈಪ್‌ಲೈನ್ ಸಾಲದು. ಉದಾಹರಣೆಗೆ, ಒಂದು ತಂಡ ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂಡಿಸುವ ಭಾಗವನ್ನು ಕಟ್ಟುತ್ತದೆ ಎನ್ನೋಣ. ಇನ್ನೊಂದು ತಂಡದ ಪುಸ್ತಕ ಓದುವ ತಂತ್ರಾಂಶಕ್ಕೂ, ಮತ್ತೊಂದು ತಂಡದ ಪ್ರಮಾಣಪತ್ರ ಮುದ್ರಿಸುವ ತಂತ್ರಾಂಶಕ್ಕೂ ಆ ಭಾಗ ಬೇಕು. ಮೂರು ತಂಡಗಳಿಗೂ ಬೇರೆ ಬೇರೆ ಪೈಪ್‌ಲೈನ್‌ಗಳಿವೆ. ಮೊದಲನೆಯದರ ಸಿದ್ಧವಸ್ತು ಉಳಿದೆರಡಕ್ಕೆ ತಲುಪುವುದು ಹೇಗೆ?

ಸೋರ್ಸ್ ಕೋಡ್ ಒಂದೇ ಆದ ಮೇಲೆ ಅವರವರೇ ಕಟ್ಟಿಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಕಟ್ಟಿಕೊಳ್ಳಬಹುದು, ಆದರೆ ಹೊತ್ತು ವ್ಯರ್ಥವಾಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎರಡು ಕಡೆ ಕಟ್ಟಿದ್ದು ಒಂದೇ ಆಗಿರುತ್ತದೆಂಬ ಭರವಸೆಯಿಲ್ಲ. ಕಟ್ಟುವ ಸಾಧನದ ಆವೃತ್ತಿ ಬೇರೆಯಿರಬಹುದು. ಆ ದಿನ ಹೊರಗಿನಿಂದ ತರಿಸಿಕೊಂಡ ಉಪಭಾಗಗಳು ಬೇರೆಯಿರಬಹುದು. ಕಟ್ಟಿದ ದಿನಾಂಕವೂ ಫೈಲಿನೊಳಗೆ ಸೇರಿರಬಹುದು. ಹಾಗಾದರೆ ಪರೀಕ್ಷೆಗೆ ಒಳಗಾದದ್ದು ಒಂದು, ಜನರ ಕೈಗೆ ಹೋದದ್ದು ಇನ್ನೊಂದು ಎಂದಾಯಿತು. ಆದುದರಿಂದ ಒಮ್ಮೆ ಮಾತ್ರ ಕಟ್ಟಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದ ಆ ಸಿದ್ಧವಸ್ತುವನ್ನೇ ಎಲ್ಲರೂ ಹಂಚಿಕೊಳ್ಳಬೇಕು.

ಮೊದಲನೆಯ ಪೈಪ್‌ಲೈನ್ ತನ್ನ ಸಿದ್ಧವಸ್ತುವನ್ನು ಎಲ್ಲರಿಗೂ ಸಿಗುವ ಒಂದು ಉಗ್ರಾಣದಲ್ಲಿ ಇಡುತ್ತದೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಲಾಗುತ್ತದೆ. ಜೊತೆಗೆ ಒಂದು ‘ಬೆರಳಚ್ಚನ್ನೂ’ ತೆಗೆಯುತ್ತಾರೆ. ಎಸ್‌ಎಚ್‌ಎ-256 ಎಂಬ ಗಣಿತಕ್ರಮದಿಂದ ಎಷ್ಟು ದೊಡ್ಡ ಫೈಲಿಗಾದರೂ 64 ಚಿಹ್ನೆಗಳ ಒಂದು ಗುರುತು ಸಿಗುತ್ತದೆ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಪಡೆದುಕೊಳ್ಳುವವರು ಅದನ್ನು ತಾಳೆ ನೋಡಿ ತೆಗೆದುಕೊಳ್ಳಬೇಕು. ಉಗ್ರಾಣದ ಅವಧಿಯನ್ನೂ ಗಮನಿಸಬೇಕು. ಗಿಟ್‌ಹಬ್‌ನ ಪೈಪ್‌ಲೈನ್‌ಗಳಲ್ಲಿ ಬೇರೆ ಅವಧಿ ಹೇಳದಿದ್ದರೆ ಸಿದ್ಧವಸ್ತು 90 ದಿನಗಳಲ್ಲಿ ಅಳಿದುಹೋಗುತ್ತದೆ.

ಇದರಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಅಕ್ಷರ ಕೂಡಿಸುವ ಭಾಗದಲ್ಲಿದ್ದ ಒಂದು ತಪ್ಪನ್ನು ತಿದ್ದಿ ಕಟ್ಟಲು ಹಾಕಿದ್ದೆವು. ಅದೇ ಹೊತ್ತಿಗೆ ಮುದ್ರಣದ ಪೈಪ್‌ಲೈನ್ ಕೂಡ ಹೊರಟಿತು. ಸಂಖ್ಯೆ ಹೇಳದೆ ‘ತೀರ ಇತ್ತೀಚೆಗೆ ತೇರ್ಗಡೆಯಾದದ್ದನ್ನು ತಾ’ ಎಂದಷ್ಟೇ ನಾವು ಅದಕ್ಕೆ ಬರೆದಿಟ್ಟಿದ್ದೆವು. ಹೊಸದು ಇನ್ನೂ ಕಟ್ಟಿ ಮುಗಿದಿರಲಿಲ್ಲ. ಆದ್ದರಿಂದ ಅದು ಹಳೆಯದನ್ನೇ ತಂದುಕೊಂಡಿತು. ಎರಡು ಪೈಪ್‌ಲೈನ್‌ಗಳೂ ಹಸಿರು ಗುರುತು ತೋರಿಸಿದವು. ನಾವು ನೆಮ್ಮದಿಯಿಂದ ಮನೆಗೆ ಹೋದೆವು. ಮರುದಿನ ನೋಡಿದರೆ ‘ಲಕ್ಷ್ಮೀ’ ಎಂಬ ಹೆಸರು ಪ್ರಮಾಣಪತ್ರದಲ್ಲಿ ‘ಲಕ್‌ಷ್‌ಮೀ’ ಎಂದು ಅಚ್ಚಾಗಿತ್ತು. ಅಷ್ಟನ್ನೂ ಮತ್ತೆ ಮುದ್ರಿಸಬೇಕಾಯಿತು. ಅಂದಿನಿಂದ ಮೊದಲನೆಯ ಪೈಪ್‌ಲೈನ್ ಮುಗಿದ ಮೇಲೆ ಅದೇ ಮುಂದಿನದನ್ನು ಕರೆದು, ಸಂಖ್ಯೆಯನ್ನೂ ಬೆರಳಚ್ಚನ್ನೂ ಕೈಗೊಪ್ಪಿಸುವಂತೆ ಏರ್ಪಡಿಸಿದೆವು. ‘ಇತ್ತೀಚಿನದು’ ಎಂಬುದು ವಿಳಾಸವಲ್ಲ. ಅದು ಗಳಿಗೆಗೊಮ್ಮೆ ಬದಲಾಗುವ ಮಾತು.

ಹಂಚಿಕೆಯಿಂದ ಅನುಕೂಲವಿದ್ದಂತೆ ಅಪಾಯವೂ ಇದೆ. ಅಮೆರಿಕದ ಸೋಲಾರ್‌ವಿಂಡ್ಸ್ ಸಂಸ್ಥೆಯ ‘ಓರಿಯನ್’ ಎಂಬ ತಂತ್ರಾಂಶವನ್ನು ಕಟ್ಟುವ ಸ್ಥಳಕ್ಕೇ ಕಳ್ಳರು ನುಗ್ಗಿ, ಕಟ್ಟುವಾಗಲೇ ಅದರೊಳಗೆ ದುಷ್ಟ ಭಾಗವನ್ನು ಸೇರಿಸಿದ್ದರು. 2020ರ ಡಿಸೆಂಬರಿನಲ್ಲಿ ಇದು ಬೆಳಕಿಗೆ ಬಂತು. ಸಂಸ್ಥೆಯ ನಿಜವಾದ ಮುದ್ರೆಯೇ ಅದರ ಮೇಲಿದ್ದುದರಿಂದ ಹೆಚ್ಚಿನವರಿಗೆ ಸಂಶಯ ಬರಲಿಲ್ಲ. ಸುಮಾರು 18,000 ಗ್ರಾಹಕರವರೆಗೆ ಅದು ತಲುಪಿತ್ತೆಂದು ಆ ಸಂಸ್ಥೆಯೇ ತಿಳಿಸಿತು. ದಾರಿಯಲ್ಲಿ ವಸ್ತು ಬದಲಾಗಿಲ್ಲ ಎಂಬುದನ್ನು ಬೆರಳಚ್ಚು ಹೇಳೀತು. ಹುಟ್ಟುವಾಗಲೇ ಕೆಟ್ಟಿತ್ತೇ ಎಂಬುದನ್ನು ಹೇಳಲಾರದು. ಆದುದರಿಂದ ಹಲವರು ನೀರು ಸೇದುವ ಬಾವಿಯನ್ನು ಕಾಯುವಂತೆ ಕಟ್ಟುವ ಸ್ಥಳವನ್ನು ಕಾಯಬೇಕು.

ಗಡಿನಾಡಿನಲ್ಲಿ ಕನ್ನಡದಲ್ಲಿ ಓದಿದ ಮಕ್ಕಳಿಗೆ ಇಂಥ ವಿದ್ಯೆ ಹತ್ತೀತೇ ಎಂದು ಕೆಲವು ಹೆತ್ತವರು ಚಿಂತಿಸುವುದುಂಟು. ಇದರ ಮೂಲಪಾಠವನ್ನು ನಾವು ಕಲಿತದ್ದು ಈ ಶಾಲೆಯ ಗಣಿತದ ತರಗತಿಯಲ್ಲಿಯೇ. ಬದಿಯಲ್ಲಿ ಕಚ್ಚಾ ಲೆಕ್ಕವನ್ನು ಸರಿಯಾಗಿ ಮಾಡಿ, ಉತ್ತರಕ್ಕೆ ಇಳಿಸುವಾಗ ಅಂಕಿ ತಪ್ಪಿ ಅಂಕ ಕಳೆದುಕೊಂಡವರು ನಮ್ಮಲ್ಲಿ ಅನೇಕರು. ವಿದ್ಯಾರ್ಥಿ ಮಿತ್ರರೇ, ಮುಂದೆ ನೀವು ಯಾವ ಕೆಲಸ ಕೈಗೊಂಡರೂ ಪರೀಕ್ಷಿಸಿದ್ದನ್ನೇ ಒಪ್ಪಿಸಿರಿ. ಒಪ್ಪಿಸುವ ಮುನ್ನ ಒಮ್ಮೆ ತಾಳೆ ನೋಡಿರಿ.